ಬಾಸರನ ಪಾಲು

ಗಂಜಿ ಬಟ್ಟಲಲ್ಲಿ ಟಣ್ ಎಂದಿತು ಏನೋ.
ಬಿಲ್ಗೂನ್ ಚಮಚ ಬಿಟ್ಟು, ಬಾಯಿಗೆ ಬೆರಳಿಟ್ಟು,
ಹೆದರಿದನೋ ಹೆಮ್ಮೆಪಟ್ಟನೋ ತಿಳಿಯದ ಮುಖದಲ್ಲಿ
ನನ್ನ ಅಂಗೈಗೆ ಹಾಕಿದ:
ಕೆಳಸಾಲಿನದು, ಎಡಗಡೆಯದು,
ಅಕ್ಕಿಕಾಳಿಗಿಂತ ತುಸು ದಪ್ಪ,
ಬುಡದಲ್ಲೊಂದು ನೆತ್ತರ ಚುಕ್ಕೆ.

"ಯಾವ ನಾಯಿಗೆ ಕೊಡೋದು?"
ಮಾತು ಆಗಲೇ ಹೊಸ ಸಂದಿಯಿಂದ ಸೋರುತ್ತಿತ್ತು.

ನಾಯಿ!
ದರ್ಖಾನಿನ ಈ ಕಾಂಕ್ರೀಟು ಗೂಡಿನ ಏಳನೇ ಮಹಡಿಯಲ್ಲಿ
ನಮಗಿರುವುದು ಒಂದು ಹೂಕುಂಡ,
ಮೂರು ಮೀನು, ಅಲ್ಲ, ನಿನ್ನೆಯಿಂದ ಎರಡು.
ಬಿಸಿನೀರ ಕೊಳವೆ ರಾತ್ರಿಯಿಡೀ ಗೊಣಗುತ್ತದೆ,
ಬೊಗಳುವುದಿಲ್ಲ.
ಹಲ್ಲಿನ ಡಾಕ್ಟರಮ್ಮ ಕೊಟ್ಟ ಪ್ಲಾಸ್ಟಿಕ್ ಡಬ್ಬಿಯಿದೆ,
ಮುಚ್ಚಳದ ಮೇಲೆ ನಗುವ ಮೊಲ.
ಅದರಲ್ಲಿಡೋಣವೇ ಅಂದೆ.
"ಮೊಲ ಏನನ್ನ ಕಾಯುತ್ತೆ?" ಅಂದ.

ಚಳಿಗಾಲದ ಕಡಿತಕ್ಕೆ ಅಣ್ಣ ಕಳಿಸಿದ್ದ
ಕುರಿಬಾಲದ ಕೊಬ್ಬು ತೆಗೆದು
ಹೆಬ್ಬೆರಳಷ್ಟು ಕೊಯ್ದೆ,
ಹಲ್ಲನ್ನು ಒಳಗೊತ್ತಿ
ಕಡುಬಿನ ಬಾಯಿ ಮುಚ್ಚುವಂತೆ ಚಿವುಟಿ ಮುಚ್ಚಿದೆ.

ಹೊರಗೆ ಸೊನ್ನೆಗೂ ಕೆಳಗೆ ಮೂವತ್ತೊಂದು.
ಕೊಬ್ಬು ಕಲ್ಲಾಗದಿರಲೆಂದು ಕಂಕುಳಲ್ಲಿಟ್ಟು ನಡೆದೆ,
ಮೊಟ್ಟೆಗೆ ಕಾವು ಕೊಡುವವಳ ಹಾಗೆ.

ಗ್ಯಾರೇಜುಗಳ ಹಿಂದೆ ಕಾವಲುಗಾರ ದಮ್ದಿನ್‌ನ ಗುಡಿಸಲು,
ಗುಡಿಸಲ ಮುಂದೆ ಸರಪಳಿ, ಸರಪಳಿಯ ತುದಿಗೆ ನಾಯಿ.
ಕಣ್ಣುಗಳ ಮೇಲೆ ಎರಡು ಕಂದು ಬೊಟ್ಟು:
ನಾಲ್ಕು ಕಣ್ಣಿನ ಜಾತಿ,
ಎರಡು ಮುಚ್ಚಿದರೂ ಎರಡು ಎಚ್ಚರ.
ನಮ್ಮನ್ನು ಕಂಡು ಆಕಳಿಸಿತು.

"ಅಮ್ಮಾ, ಇದಕ್ಕೇ ಹಲ್ಲಿಲ್ಲ!
ಇದು ನನಗೇನು ಕೊಡುತ್ತೆ?"

ದಮ್ದಿನ್ ನಕ್ಕ. ಅವನದೂ ಬರೀ ವಸಡು.
ಮೂರು ಬೊಚ್ಚುಬಾಯಿಗಳಿಂದ
ಒಂದೇ ಬಿಳಿ ಹಬೆ ಎದ್ದಿತು.

ನನಗಾಗ ಆರು. ನಮ್ಮದು ಉಣ್ಣೆಯ ಗುಡಾರ,
ಗುಡಾರದ ಬಾಗಿಲಿಗೆ ಬಾಸರ್.
ಅಜ್ಜಿ ನನ್ನ ಕೈಗೆ ಕೊಬ್ಬಿನುಂಡೆ ಕೊಟ್ಟು,
ಕಿವಿಯಲ್ಲಿ ಹೇಳು ಅಂದಳು:
ಹಾಲಿನದ ತಗೋ, ಮೂಳೆಯದ ಕೊಡು,
ನಿನ್ನ ಹಲ್ಲಿನಂಥದ ಕೊಡು.
ಬಾಸರ್ ಅಗಿಯಲೂ ಇಲ್ಲ. ಗುಳುಂ.

ಮರುವರ್ಷ ಹಿಮ ಕಬ್ಬಿಣದಂತೆ ಬಿಗಿಯಿತು,
ಹುಲ್ಲಿಗೂ ಕುರಿಗೂ ನಡುವೆ ಬೀಗ.
ಬಾಸರ್ ಒಂದು ಬೆಳಗ್ಗೆ ಏಳಲಿಲ್ಲ.
ಅಪ್ಪ ಬೆಟ್ಟದ ಇಳಿಜಾರಿಗೆ ಹೊತ್ತೊಯ್ದು
ಅವನ ಬಾಲ ಕೊಯ್ದು
ತಲೆಯಡಿಗೆ ದಿಂಬಾಗಿ ಇಟ್ಟ:
ಮುಂದಿನ ಸಲ ಮನುಷ್ಯನಾಗಿ ಬಾ,
ಬಾಲ ಅಡ್ಡ ಬರದಿರಲಿ.

ನಾನತ್ತದ್ದು ಬಾಸರನಿಗಲ್ಲ.
ನಾಚಿಕೆಯಾಗುತ್ತೆ ಈಗಲೂ, ಆದರೆ ಅಲ್ಲ.
ನನ್ನ ಹಲ್ಲೂ ಹೋಯಿತಲ್ಲ ಅಂತ ಅತ್ತೆ.

ಅಜ್ಜಿ ಮೂಗೊರೆಸಿ ಹೇಳಿದಳು:
"ಅವನಿಗೂ ಒಂದು ಬೇಕಲ್ಲೇ, ಶುರುಮಾಡೋಕೆ.
ಬರಿಗೈಲಿ ಹುಟ್ಟಬಹುದು,
ಬರಿಬಾಯಲ್ಲಿ ಎಷ್ಟು ದಿನ?"

ಅಂದಿನಿಂದ ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ,
ಅಪರಿಚಿತರು ಯಾರಾದರೂ ನಕ್ಕರೆ
ನನ್ನ ಕಣ್ಣು ಹೋಗುವುದು ಕೆಳಸಾಲಿಗೆ, ಎಡಕ್ಕೆ.
ಒಮ್ಮೆ ಟಿಕೆಟ್ಟಿನ ಹುಡುಗ ಕೇಳಿಯೇಬಿಟ್ಟ,
"ಏನಕ್ಕಾ, ಏನಾದರೂ ಸಿಕ್ಕಿಕೊಂಡಿದೆಯಾ?"

ಇದನ್ನೆಲ್ಲ ಮಗನಿಗೆ ಹೇಳಿದೆ,
ಟಿಕೆಟ್ಟಿನ ಹುಡುಗನದೊಂದು ಬಿಟ್ಟು.
ಅವನು ಗಮನವಿಟ್ಟು ನಾಯಿಯನ್ನೇ ನೋಡಿದ.
ಕೈಗವಸು ಕಳಚಿದ.
ಆ ದೊಡ್ಡ ಕಿವಿಯೊಳಗೆ ಏನು ಪಿಸುಗುಟ್ಟಿದನೋ,
ನನಗೆ ಕೇಳಲಿಲ್ಲ.
ನಾಯಿ ಉಂಡೆಯನ್ನು ವಸಡಿನಲ್ಲಿ ಹಿಡಿದು
ಕರಗುವ ತನಕ ಕಾಯಿತು,
ಅವಸರವೇ ಇಲ್ಲದವರಂತೆ.

ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತಿದೆವು.
ನಾಲ್ಕನೇ ಮಹಡಿಯಲ್ಲಿ ನಿಂತು,
ಸಂದಿಯಲ್ಲಿ ನಾಲಿಗೆ ಆಡಿಸುತ್ತಾ ಅಂದ:
"ಪಕ್ಕದ್ದೂ ಅಲುಗ್ತಿದೆ."

ಅದನ್ನಾದರೂ ಎಳೆಯ ನಾಯಿಗೆ ಕೊಡೋಣ,
ನಿನಗೆ ಗಟ್ಟಿ ಹಲ್ಲು ಬರಲಿ, ಅಂದೆ.

"ಬೇಡ, ಅದೂ ಅವನಿಗೇ.
ಒಂದೇ ಹಲ್ಲಲ್ಲಿ ಮೂಳೆ ಹೇಗೆ ಕಡೀತಾನೆ?"